ನಲವತ್ತೆರಡು ಮನೆ, ಸೊನ್ನೆ

ನಮ್ಮೂರಿನಲ್ಲಿ ಒಬ್ಬರಿಗೂ ಮನಸ್ಸಿನ ಕಾಯಿಲೆ ಇಲ್ಲ. ನಲವತ್ತೆರಡು ಮನೆ, ನೂರ ಎಂಬತ್ತಮೂರು ಜನ, ಕಾಯಿಲೆಯವರು ಸೊನ್ನೆ. ನಂಬಿಕೆ ಬಾರದಿದ್ದರೆ ಚಿಕ್ಕನಾಯಕನಹಳ್ಳಿಗೆ ಹೋಗಿ ಫಾರಂ ತೆಗೆಸಿ ನೋಡಿ. ಪ್ರತಿ ಹಾಳೆಯ ಕೆಳಗೂ ಅನುಪಮಾ, ಆಶಾ ಕಾರ್ಯಕರ್ತೆ, ಕರಿಕಲ್ಲುಪಾಳ್ಯ ಎಂದು ನನ್ನದೇ ಸಹಿ ಇದೆ. ಇಂಥ ಊರು ಭೂಲೋಕದಲ್ಲಿ ಇನ್ನೊಂದು ಇದ್ದರೆ ಹೇಳಿ, ನಾನು ಈ ಕೆಲಸ ಬಿಟ್ಟು ಅಲ್ಲಿಗೆ ಹೋಗಿ ಬೀದಿ ಗುಡಿಸುತ್ತೇನೆ.

ಹೋದ ತಿಂಗಳು ನಮ್ಮನ್ನೆಲ್ಲ ತಾಲ್ಲೂಕಿಗೆ ಕರೆಸಿ ಎರಡು ದಿನ ತರಬೇತಿ ಕೊಟ್ಟಿದ್ದರು. ಜನರಲ್ಲಿ ಮನಸ್ಸಿನ ಕಾಯಿಲೆ ಎಷ್ಟಿದೆ ಎಂದು ಮನೆ ಮನೆಗೆ ಹೋಗಿ ಕೇಳಿ ಬರೆಯಬೇಕು, ಅದಕ್ಕೆ. ಪಾಠ ಮಾಡಿದ ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವರು. "ದೇಶದಲ್ಲಿ ಹೆಚ್ಚು ಕಡಿಮೆ ಹತ್ತರಲ್ಲಿ ಒಬ್ಬರಿಗೆ ಇದೆ. ಬಟ್ಟೆ ಹರ್ಕೊಂಡು ಬೀದೀಲಿ ಓಡೋರು ಅಂತ ತಿಳ್ಕೋಬೇಡಿ. ಎಲ್ಲರ ಹಾಗೆ ಉಂಡು ಉಟ್ಟು ಕೆಲಸ ಮಾಡ್ತಾನೇ ಇರ್ತಾರೆ. ಒಳಗೆ ಮಾತ್ರ ಕುಸಿದು ಹೋಗಿರ್ತಾರೆ," ಎಂದರು. ಇನ್ನೊಂದು ಮಾತನ್ನು ಮೂರು ಸಲ ಹೇಳಿದರು. ಒಬ್ಬೊಬ್ಬರನ್ನೇ ಬೇರೆಯಾಗಿ ಕೂರಿಸಿ ಕೇಳಬೇಕು, ಒಬ್ಬರ ಬದಲು ಇನ್ನೊಬ್ಬರು ಉತ್ತರ ಹೇಳಬಾರದು.

ವಾಪಸ್ ಬರುವಾಗ ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ನೂರ ಎಂಬತ್ತಮೂರಕ್ಕೆ ಹದಿನೆಂಟು ಜನ ಬರಬೇಕು. ಹದಿನೈದು ವರ್ಷದಿಂದ ಇದೇ ಊರಿನ ಬಾಣಂತಿಯರನ್ನೂ ಮುದುಕರನ್ನೂ ನೋಡಿಕೊಂಡು ಬಂದವಳು ನಾನು. ಯಾರ ಮನೆಯ ಸಾರಿಗೆ ಉಪ್ಪು ಎಷ್ಟು ಎಂಬುದೂ ನನಗೆ ಗೊತ್ತು. ನನಗೆ ಅನುಮಾನವಿದ್ದವರ ಹೆಸರನ್ನು ಬೆರಳಲ್ಲಿ ಎಣಿಸುತ್ತಾ ಹೋದೆ. ಶೆಟ್ಟಿಕೆರೆ ಬರುವ ಮೊದಲೇ ಎರಡೂ ಕೈಯ ಬೆರಳು ಮುಗಿದು, ಮತ್ತೆ ಮೊದಲ ಕೈಗೇ ಬಂದಿದ್ದೆ.

ಹಾಗಿದ್ದೂ ಸೊನ್ನೆ ಹೇಗೆ ಬಂತು? ಕೇಳಿ, ಹೇಳುತ್ತೇನೆ.

ನಮ್ಮೂರಿನ ದೊಡ್ಡ ಕುಳ ಶಂಭುಲಿಂಗಯ್ಯನವರು. ಕೊಬ್ಬರಿ ವ್ಯಾಪಾರ, ಹನ್ನೆರಡು ಎಕರೆ ತೋಟ, ಬಸವಣ್ಣನ ಗುಡಿಯ ಸಮಿತಿಗೆ ಅವರೇ ಅಧ್ಯಕ್ಷರು. ಸಮೀಕ್ಷೆಯ ಸುದ್ದಿ ನನಗಿಂತ ಮೊದಲು ಅವರ ಕಿವಿಗೆ ಬಿದ್ದಿತ್ತು. ನಾನು ತರಬೇತಿಯಲ್ಲಿ ಕೂತಿದ್ದ ದಿನವೇ ಊರಿನ ಯಜಮಾನರನ್ನೆಲ್ಲ ಗುಡಿಯ ಜಗುಲಿಗೆ ಕರೆಸಿದ್ದರಂತೆ.

"ನೋಡ್ರಪ್ಪ, ಮೂವತ್ತು ದಾಟಿದ ಗಂಡುಮಕ್ಳು ನಮ್ಮೂರಲ್ಲಿ ಹತ್ತೊಂಬತ್ತು ಜನ ಅವ್ರೆ. ತೋಟ ಐತೆ, ಮನೆ ಐತೆ ಅಂದ್ರೂ ಹೆಣ್ಣು ಕೊಡೋರಿಲ್ಲ. ಹಿಂಗಿರುವಾಗ ಸರ್ಕಾರದ ಪುಸ್ತಕ್ದಲ್ಲಿ ಕರಿಕಲ್ಲುಪಾಳ್ಯ ತಲೆ ಕೆಟ್ಟೋರ ಊರು ಅಂತ ಬಿದ್ರೆ ಕತೆ ಮುಗೀತು. ಏನ್ ಕೇಳಿದ್ರೂ ಇಲ್ಲ ಅನ್ನಿ. ಆ ಹುಡ್ಗರ ಮಕ ನೋಡಿ ಇಲ್ಲ ಅನ್ನಿ," ಎಂದಿದ್ದರು.

ಹುಡುಗರ ಮುಖ ನೋಡಿ ಅಂತೆ! ಆ ಹತ್ತೊಂಬತ್ತರಲ್ಲಿ ನಾಲ್ಕು ಜನರ ಮುಖ ನೋಡಿದರೇ ಗೊತ್ತಾಗುತ್ತದೆ, ಅವರಿಗೆ ಬೇಕಾಗಿರುವುದು ಮೊದಲು ಹೆಣ್ಣಲ್ಲ, ಡಾಕ್ಟರು ಎಂದು.

ಫಾರಂ ಹಿಡಿದು ಮೊದಲು ಹೋಗಿದ್ದು ಲಿಂಗಣ್ಣನ ಮನೆಗೆ. ಅವನ ಹೆಂಡತಿ ಹನುಮಂತಮ್ಮ ಬಾಗಿಲ ಹಿಂದೆ ನಿಂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ನಾನು ಹಾಳೆ ನೋಡಿ ಓದಿದೆ, ಕಳೆದ ಎರಡು ವಾರಗಳಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲದಂತೆ ಆಗಿದೆಯೇ?

"ಇಲ್ಲ, ಬರ್ಕೊ," ಎಂದ ಲಿಂಗಣ್ಣ.

"ನಿಮ್ಮನ್ನಲ್ಲಣ್ಣ, ಅತ್ಗೇನ ಕೇಳಿದ್ದು."

"ಅವ್ಳದ್ದೂ ನಾನೇ ಹೇಳ್ತೀನಿ ಕಣಮ್ಮ. ಇಲ್ಲ."

"ನಿದ್ದೆ ಚೆನ್ನಾಗಿ ಬತ್ತದಾ?"

"ನಿದ್ದೆ ಎಲ್ ಬತ್ತದೆ? ಎರಡು ವರ್ಷ ಆಯ್ತು. ಆದ್ರೆ ಅದು ಕಾಯ್ಲೆ ಅಲ್ಲ ಬುಡು, ವಯಸ್ಸು."

ಹನುಮಂತಮ್ಮನ ವಯಸ್ಸು ನಲವತ್ತನಾಲ್ಕು. ಶೆಟ್ಟಿಕೆರೆಯ ಔಷಧಿ ಅಂಗಡಿಯಿಂದ ತಂದ ನಿದ್ದೆ ಮಾತ್ರೆಯನ್ನು ಅರ್ಧ ಅರ್ಧ ಮಾಡಿ ನುಂಗುವುದು ನನಗೆ ಗೊತ್ತು. ಅವಳೂ ನನ್ನನ್ನು ನೋಡಿದಳು, ನಾನೂ ಅವಳನ್ನು ನೋಡಿದೆ. ಇಲ್ಲ ಎಂದು ಬರೆದೆ.

ಎಲ್ಲ ಮನೆಯಲ್ಲೂ ಹೀಗೇ ಆಯಿತು. ತೋಟದಲ್ಲಿ ಎಷ್ಟು ಮರ ಎಂದರೆ ಹೇಳುವಂತೆ, ಮನೆಯವರ ಮನಸ್ಸಿನಲ್ಲಿ ಏನಿದೆ ಎಂಬುದನ್ನೂ ಯಜಮಾನರೇ ಹೇಳಿದರು. ಬಿಪಿ ಇದೆ, ಬರೆದುಕೊ. ಸಕ್ಕರೆ ಕಾಯಿಲೆ ಇದೆ, ಬರೆದುಕೊ. ಮಂಡಿ ನೋವು, ಎದೆ ಉರಿ, ಮೂಲವ್ಯಾಧಿ ಎಲ್ಲಾ ಇದೆ, ಬರೆದುಕೊ. ಮನಸ್ಸಿಗೆ ಮಾತ್ರ ಯಾರ ಮನೆಯಲ್ಲೂ ಏನೂ ಇಲ್ಲ. ನನ್ನ ಗಂಡ ರಂಗನಾಥ ಕೂಡ, "ನಮ್ಮನೇದೂ ಇಲ್ಲ ಅಂತ್ಲೇ ಹಾಕ್ಬುಡು, ಊರೋರ ಬಾಯಿಗೆ ಯಾಕ್ ಬೀಳ್ತೀಯಾ?" ಎಂದರು. ಹಾಕಿದೆ.

ಒಬ್ಬೊಬ್ಬರನ್ನೇ ಕೂರಿಸಿ ಕೇಳು ಎಂದು ಡಾಕ್ಟರಮ್ಮ ಮೂರು ಸಲ ಹೇಳಿದ್ದರಲ್ಲ, ಯಾಕೆ ಕೇಳಲಿಲ್ಲ ಎಂದರೆ ನನ್ನ ಹತ್ತಿರ ಒಳ್ಳೆಯ ಉತ್ತರವಿಲ್ಲ. ಆ ವಾರವೇ ಪೋಲಿಯೋ ಕೆಲಸವೂ ಇತ್ತು. ಬಿಸಿಲಿತ್ತು. ಮುಖ್ಯವಾಗಿ, ಯಜಮಾನರನ್ನು ಜಗುಲಿಯಿಂದ ಏಳಿಸಿ ಆಚೆ ಹೋಗಿ ಎನ್ನುವ ಗಂಡೆದೆ ನನಗಿರಲಿಲ್ಲ. ಊರ ಮೇಲೆ ಹರಿಹಾಯುವ ಮೊದಲು ಇಷ್ಟನ್ನು ಒಪ್ಪಿಕೊಳ್ಳುತ್ತೇನೆ.

ಫಾರಂ ಕೊಟ್ಟು ಬಂದ ಐದನೇ ದಿನ ತಾಲ್ಲೂಕಿನಿಂದ ನಮ್ಮ ಮೇಲ್ವಿಚಾರಕಿ ನಯನ ಮೇಡಂ ಫೋನ್ ಮಾಡಿದರು.

"ಅನುಪಮಾ, ನಿಮ್ಮೂರಿಂದ ಸೊನ್ನೆ ಬಂದಿದೆಯಲ್ಲಾ. ನಿಮ್ಮ ಅಕ್ಕಪಕ್ಕದ ಎರಡು ಹಳ್ಳಿಯದ್ದೂ ಸೊನ್ನೆ. ಅಲ್ಲಿ ಕಾಯಿಲೇನೇ ಇಲ್ಲ ಅಂದ್ಮೇಲೆ ಮನಸ್ಸಿನ ಡಾಕ್ಟರನ್ನ ಯಾಕೆ ಕಳಿಸೋದು ಅಂತ ಮೇಲಿನವರು ಕೇಳ್ತಿದಾರೆ. ಮುಂದಿನ ತಿಂಗಳಿಂದ ಹುಳಿಯಾರು ಕಡೆಗೆ ಹಾಕ್ತಾರಂತೆ."

ತಿಂಗಳಿಗೊಂದು ಮಂಗಳವಾರ ಶೆಟ್ಟಿಕೆರೆಯ ನಮ್ಮ ಆರೋಗ್ಯ ಕೇಂದ್ರಕ್ಕೆ ಮನಸ್ಸಿನ ಡಾಕ್ಟರು ಬರುತ್ತಾರೆ. ಮಾತಾಡಿಸಿ, ನೋಡಿ, ಮಾತ್ರೆಯನ್ನೂ ಅಲ್ಲೇ ಕೊಡುತ್ತಾರೆ. ಆ ಡಾಕ್ಟರನ್ನೇ ನಂಬಿಕೊಂಡು ನಮ್ಮೂರಲ್ಲಿ ಒಂದು ಜೀವ ಉಸಿರಾಡುತ್ತಿತ್ತು. ಅವಳು ಯಾರ ಮನೆಯವಳು ಗೊತ್ತೇ? ಶಂಭುಲಿಂಗಯ್ಯನವರ ದೊಡ್ಡ ಸೊಸೆ, ಗಿರಿಜಾಂಬಿಕಾ.

ಗಿರಿಜಾಂಬಿಕಾಗೆ ಇಪ್ಪತ್ತೊಂಬತ್ತು ವರ್ಷ. ತುರುವೇಕೆರೆ ಕಡೆಯ ಸಂಪಿಗೆ ಊರಿನ ಹುಡುಗಿ, ಒಂಬತ್ತು ವರ್ಷದ ಹಿಂದೆ ಬೆಟ್ಟಸ್ವಾಮಿಯನ್ನು ಮದುವೆಯಾಗಿ ಬಂದಳು. ದೊಡ್ಡ ಮನೆಯ ಸೊಸೆಯಾದರೂ ಆಳುಗಳ ಜೊತೆ ಕೂತು ಕೊಬ್ಬರಿ ತೆಗೆಯುತ್ತಾಳೆ. ಅಟ್ಟದಲ್ಲಿ ವರ್ಷವಿಡೀ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಗಡಗಡ ಎಂದರೆ ಕರಟವನ್ನು ಸುತ್ತಲೂ ತಟ್ಟಿ ಬಿಡಿಸಬೇಕು. ಉಂಡೆ ಕೊಬ್ಬರಿ ಒಡೆಯದೆ ಈಚೆ ಬರಬೇಕು. ಈ ಕೆಲಸದಲ್ಲಿ ಅವಳನ್ನು ಮೀರಿಸುವವರು ನಮ್ಮ ಮೂರು ಊರಿನಲ್ಲಿಲ್ಲ. ಅಂಥವಳು ಹೋದ ವರ್ಷ ಕಾಯಿಯನ್ನು ಕಿವಿಗೆ ಹಿಡಿದುಕೊಂಡು ಹಾಗೇ ಕೂತುಬಿಡತೊಡಗಿದಳು. ಗಂಟೆ ಕಳೆದರೂ ಕೈ ಕೆಳಗಿಳಿಯುತ್ತಿರಲಿಲ್ಲ. ಅತ್ತೆ ಮಾವ ಸೋಮಾರಿತನ ಎಂದರು. ಒಂದು ದಿನ ನನ್ನ ಹತ್ತಿರ ಬಂದು, "ಅಕ್ಕ, ಬೋರನಕಣಿವೆ ಡ್ಯಾಮಲ್ಲಿ ನೀರು ಎಷ್ಟು ಆಳ ಐತೆ?" ಎಂದು ಕೇಳಿದಳು. ಕೇಳಿದ ದನಿ ಹೇಗಿತ್ತೆಂದರೆ, ಅಂಗಡಿಯಲ್ಲಿ ಬೆಲ್ಲದ ಬೆಲೆ ಕೇಳಿದ ಹಾಗಿತ್ತು.

ಅವತ್ತೇ ಅವಳ ಮನೆಗೆ ಹೋಗಿ, ನಿಮ್ಮ ಸೊಸೆಗೆ ಥೈರಾಯ್ಡ್ ಇರುವ ಹಾಗಿದೆ, ತಿಂಗಳು ತಿಂಗಳು ಆಸ್ಪತ್ರೆಗೆ ತೋರಿಸಬೇಕು ಎಂದೆ. ಥೈರಾಯ್ಡ್ ಎಂದರೆ ಯಾರಿಗೂ ಬೇಸರವಿಲ್ಲ, ಮರ್ಯಾದಸ್ಥ ಕಾಯಿಲೆ. ಮಂಗಳವಾರದ ಡಾಕ್ಟರಿಗೆ ತೋರಿಸಿದೆ. ಹದಿನಾಲ್ಕು ತಿಂಗಳಾಯಿತು. ಈಗ ಊಟ ಮಾಡುತ್ತಾಳೆ, ಮಗನ ಹೋಂವರ್ಕು ನೋಡುತ್ತಾಳೆ, ನನ್ನನ್ನು ಕಂಡರೆ ಹಲ್ಲು ಕಾಣುವಂತೆ ನಗುತ್ತಾಳೆ. ಮಾತ್ರೆಯನ್ನು ಮಧ್ಯದಲ್ಲಿ ಬಿಡುವ ಹಾಗಿಲ್ಲ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದಾರೆ. ಅವರು ಹುಳಿಯಾರಿಗೆ ಹೋದರೆ ಇವಳ ಗತಿ? ಶೆಟ್ಟಿಕೆರೆಯ ತನಕ ಬಿಡುವುದೇ ಹೆಚ್ಚು, ಅಷ್ಟು ದೂರ ಒಬ್ಬಳನ್ನೇ ಯಾರು ಕಳಿಸುತ್ತಾರೆ? ಮಾವ ಊರ ಮರ್ಯಾದೆ ಉಳಿಸಲು ಹೇಳಿಸಿದ ಸೊನ್ನೆ, ಅವರ ಮನೆಯ ಸೊಸೆಯ ಕೊರಳಿಗೇ ಬಂದು ಸುತ್ತಿಕೊಂಡಿತ್ತು.

"ಮೇಡಂ, ತಪ್ಪಾಗಿದೆ. ಮತ್ತೆ ಕೇಳಿ ಬರ್ಕೊಂಡು ಬತ್ತೀನಿ," ಎಂದೆ.

"ಶುಕ್ರವಾರದವರೆಗೆ ಟೈಮಿದೆ. ಒಂದು ಐದಾರು ಜನ ಆದ್ರೂ ನಿಜ ಹೇಳ್ಲಿ, ನಾನು ಮೇಲೆ ಜಗಳ ಆಡ್ತೀನಿ," ಎಂದರು.

ಮೊದಲು ಶಂಭುಲಿಂಗಯ್ಯನವರ ಮನೆಗೇ ಹೋದೆ. ಅವರು ಕೆಟ್ಟ ಮನುಷ್ಯರಲ್ಲ, ಅದೇ ಕಷ್ಟ. ಕೆಟ್ಟವರಾಗಿದ್ದರೆ ಬೈದು ಬರಬಹುದಿತ್ತು. ಕೂರಿಸಿ ಕಾಫಿ ಕೊಡಿಸಿದರು. ನಾನು ಡಾಕ್ಟರು ಹೋಗುವ ವಿಷಯ ಹೇಳಿದೆ, ಯಾರ ಹೆಸರನ್ನೂ ಎತ್ತಲಿಲ್ಲ.

"ಹೋದ್ರೆ ಹೋಗ್ಲಿ ಬುಡಮ್ಮ. ಇಲ್ದಿರೋ ಕಾಯ್ಲೆಗೆ ಡಾಕ್ಟ್ರು ಯಾಕೆ?"

"ಇದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು ಯಜಮಾನ್ರೆ."

ಅವರು ಲೋಟ ಕೆಳಗಿಟ್ಟು ದನಿ ತಗ್ಗಿಸಿದರು. "ಭಾನುವಾರ ನಮ್ಮ ಚಿಕ್ಮಗ ರೇಣುಕಪ್ರಸಾದನ್ನ ನೋಡೋಕೆ ಹೆಣ್ಣಿನ ಕಡೆಯೋರು ಬತ್ತಾವ್ರೆ. ಮೂವತ್ನಾಲ್ಕಾಯ್ತು ಅವ್ನಿಗೆ. ಇಪ್ಪತ್ತೇಳು ಕಡೆ ನೋಡಿ ಬಂದಿದೀನಿ. ಈ ಟೈಮಲ್ಲಿ ನೀನು ಊರಿಗೆ ಮಸಿ ಬಳೀಬೇಡ ತಾಯಿ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಹಿರೀರು ಸುಮ್ನೆ ಹೇಳಿಲ್ಲ."

"ಮದ್ವೆ ಆದ್ಮೇಲೆ ಆ ಸಾವಿರ ಸುಳ್ಳಿನ ಜೊತೆ ಸಂಸಾರ ಮಾಡೋರು ಯಾರು?" ಎಂದೆ.

ಅವರು ನಕ್ಕರು. ಮಗು ಏನೋ ಮುದ್ದಾಗಿ ಮಾತಾಡಿದಾಗ ದೊಡ್ಡವರು ನಗುತ್ತಾರಲ್ಲ, ಹಾಗೆ ನಕ್ಕು ಒಳಗೆ ಎದ್ದು ಹೋದರು. ಆ ನಗು ಕೇಳಿ ನನ್ನ ಮೈಯೆಲ್ಲ ಉರಿಯಿತು.

ಗುರುವಾರ ಬೆಳಿಗ್ಗೆ ಫಾರಂ ಕಟ್ಟು ತೆಗೆದುಕೊಂಡು ನೇರವಾಗಿ ಅವರದೇ ಕೊಬ್ಬರಿ ಶೆಡ್ಡಿಗೆ ಹೋದೆ. ಜಗುಲಿ ಯಜಮಾನರದಾದರೆ ಶೆಡ್ಡು ಹೆಂಗಸರದು. ಅಲ್ಲಿ ಎಂಟು ಜನ ಕರಟ ಬಿಡಿಸುತ್ತಾ ಕೂತಿದ್ದರು. ಗಿರಿಜಾ ಇದ್ದಳು, ಹನುಮಂತಮ್ಮ ಇದ್ದಳು, ಎಲ್ಲರಿಗಿಂತ ಹಿರಿಯಳಾದ ಕಲ್ಲಮ್ಮ ಇದ್ದಳು. ಹೊರಗೆ ಗಿರಿಜಾಳ ಗಂಡ ಬೆಟ್ಟಸ್ವಾಮಿ ಒಬ್ಬನೇ ನಿಂತು, ನೆಲಕ್ಕೆ ನೆಟ್ಟ ಹಾರೆಗೆ ಕಾಯಿ ಚುಚ್ಚಿ ಸಿಪ್ಪೆ ಸುಲಿಯುತ್ತಿದ್ದ. ಅವನು ಯಾರ ಜೊತೆಯೂ ಮಾತಾಡುವವನಲ್ಲ.

ನಾನು ಹಾಳೆಯನ್ನು ಚೀಲದಲ್ಲೇ ಬಿಟ್ಟು, ಒಂದು ಕತ್ತಿ ಇಸಿದುಕೊಂಡು ಅವರ ಜೊತೆ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಕೇಳಿದೆ. "ಕಲ್ಲಮ್ಮತ್ತೆ, ಮನಸ್ಸಿಗೆ ಹೆಂಗೈತೆ?"

"ಮನಸ್ಸಿಗಾ?" ಎಂದು ಆಕೆ ಕೈ ನಿಲ್ಲಿಸದೆ ಹೇಳಿದಳು. "ಎದೆ ಮ್ಯಾಲೆ ಒಳಕಲ್ಲು ಇಟ್ಟಂಗೆ ಐತೆ ಕಣವ್ವ. ಮೂರು ವರ್ಷ ಆಯ್ತು. ಉಣ್ಣಕ್ಕೆ ಕೂತ್ರೆ ಅನ್ನ ಮಣ್ಣು ಮಣ್ಣು ಅನ್ನುತ್ತೆ. ನನ್ನ ಮೊಮ್ಮಗಳು ಗಾನವಿ ಬಂದು ಅಜ್ಜಿ ಅಂತ ತಬ್ಕೊಂಡ್ರೂ ಏನೂ ಅನ್ಸಲ್ಲ. ಪಾಪಿ ಜಲ್ಮ."

ಅಷ್ಟೇ ಬೇಕಿತ್ತು. ಕಟ್ಟೆ ಒಡೆದ ಹಾಗಾಯಿತು. ಒಬ್ಬಳಿಗೆ ಬಸ್ಸು ಹತ್ತಿದರೆ ಎದೆ ಡವಡವ ಹೊಡೆದುಕೊಂಡು ಸತ್ತೇ ಹೋಗುತ್ತೇನೆ ಅನ್ನಿಸುತ್ತದಂತೆ, ಆರು ತಿಂಗಳಿಂದ ತವರಿಗೆ ಹೋಗಿಲ್ಲ. ಒಬ್ಬಳು ಒಲೆ ಆರಿಸಿದೆನೋ ಇಲ್ಲವೋ ಎಂದು ತೋಟದಿಂದ ಹತ್ತು ಸಲ ಮನೆಗೆ ಓಡಿ ಹೋಗುತ್ತಾಳೆ. ಹನುಮಂತಮ್ಮ, "ನಂಗೆ ಅಳು ಬತ್ತದೆ. ಯಾಕೆ ಅಂತ ಕೇಳಿದ್ರೆ ಹೇಳಕ್ಕೆ ಏನೂ ಇಲ್ಲ. ಏನಾದ್ರೂ ಆಗಿದ್ರೆ ಚೆನ್ನಾಗಿತ್ತು, ಅದಕ್ಕೇ ಅಳ್ತೀನಿ ಅನ್ಬೋದಿತ್ತು," ಎಂದಳು. ಎಂಟು ಜನರಲ್ಲಿ ಗಿರಿಜಾ ಒಬ್ಬಳು ಬಾಯಿ ಬಿಡಲಿಲ್ಲ.

ಆಗ ನಾನು ಚೀಲದಿಂದ ಫಾರಂ ತೆಗೆದೆ. ಎಲ್ಲರ ಬಾಯೂ ಒಟ್ಟಿಗೆ ಮುಚ್ಚಿಕೊಂಡಿತು.

"ಹೇಳೋದು ಬೇರೆ, ಬರ್ಸೋದು ಬೇರೆ ಕಣವ್ವ," ಎಂದಳು ಕಲ್ಲಮ್ಮ.

"ಹೆಸರು ಬರೆಯಲ್ಲ ಅತ್ತೆ. ಮನೆ ನಂಬರು, ವಯಸ್ಸು, ಅಷ್ಟೇ."

"ನಲವತ್ತೆರಡು ಮನೆ ಊರಲ್ಲಿ ನಂಬರು ಅಂದ್ರೆ ಹೆಸ್ರೇ ಅಲ್ವಾ?"

ನನ್ನ ತಾಳ್ಮೆ ಹಾರಿಹೋಯಿತು. ಕತ್ತಿ ಎಸೆದು ಎದ್ದು ನಿಂತೆ. "ಬಿಪಿ ಅಂದ್ರೆ ಊರಿಗೆಲ್ಲ ಸಾರ್ಕೊಂಡು ಬರ್ತೀರ. ಸಕ್ಕರೆ ಕಾಯ್ಲೆ ಅಂದ್ರೆ ನಂಗೆ ಇನ್ನೂರು, ನಿಂಗೆ ಮುನ್ನೂರು ಅಂತ ಪಂದ್ಯ ಕಟ್ತೀರ. ಗಂಡಸರ ಮೂಲವ್ಯಾಧಿಗೆ ಸಹಿ ಹಾಕಕ್ಕೆ ಯಜಮಾನ್ರು ಕನ್ನಡಕ ಹಾಕ್ಕೊಂಡು ಬರ್ತಾರೆ. ನಿಮ್ಮ ಎದೆ ಮೇಲಿನ ಒಳಕಲ್ಲಿಗೆ ಮಾತ್ರ ನಂಬರೂ ಬೇಡ! ಇಷ್ಟು ಜನ ಒಳಗೊಳಗೇ ಸಾಯ್ತಾ ಕೂತು, ಊರಿಗೆ ಊರೇ ಗುಂಡುಕಲ್ಲಿನಂಗೆ ಐತೆ ಅಂತ ಬರ್ಸಿದೀರಲ್ಲ, ನಾಚ್ಕೆ ಆಗಲ್ವಾ ನಿಮಗೆ?"

"ಅಕ್ಕ, ಬೈಬೇಡ. ನಂದು ಬರ್ಕೊ," ಎಂದಳು ಗಿರಿಜಾ.

ಎಲ್ಲರೂ ತಿರುಗಿ ನೋಡಿದರು.

"ನಾನು ಹದಿನಾಲ್ಕು ತಿಂಗಳಿಂದ ತಗೊಳ್ತಿರೋದು ಥೈರಾಯ್ಡ್ ಮಾತ್ರೆ ಅಲ್ಲ. ಮನಸ್ಸಿನ ಡಾಕ್ಟ್ರು ಕೊಟ್ಟಿರೋದು. ಅದು ಇಲ್ದಿದ್ರೆ ನಾನು ಇಷ್ಟೊತ್ಗೆ ಇರ್ತಿರ್ಲಿಲ್ಲ. ಅವ್ರು ಬರೋದು ನಿಂತೋದ್ರೆ ಮುಂದೆ ಇರ್ತೀನೋ ಇಲ್ವೋ ಗೊತ್ತಿಲ್ಲ. ಕೊಡು, ಎಲ್ಲಿ ಸಹಿ ಹಾಕ್ಬೇಕು?"

ಶೆಡ್ಡಿನ ಹಿಂಭಾಗದಲ್ಲಿ ಕರಟದ ರಾಶಿಯ ಮರೆಗೆ ಅವಳನ್ನು ಕರೆದುಕೊಂಡು ಹೋಗಿ, ಹತ್ತೂ ಪ್ರಶ್ನೆ ಕೇಳಿ ಬರೆದುಕೊಂಡೆ. ಅವಳು ಎದ್ದ ಮೇಲೆ ಕಲ್ಲಮ್ಮ ಸೊಂಟ ಹಿಡಿದುಕೊಂಡು ಬಂದು ಕೂತಳು. ಆಮೇಲೆ ಹನುಮಂತಮ್ಮ. ಆಮೇಲೆ ಉಳಿದವರು, ಒಬ್ಬೊಬ್ಬರಾಗಿ. ಮಧ್ಯಾಹ್ನದ ಹೊತ್ತಿಗೆ ಎಂಟು ಫಾರಂ ನನ್ನ ತೊಡೆಯ ಮೇಲಿದ್ದವು. ಡಾಕ್ಟರು ಉಳಿದರು ಎಂದುಕೊಂಡೆ.

ಇಂಥ ಸುದ್ದಿಗೆ ಕಾಲು ಬೇಕಾಗಿಲ್ಲ. ಶಂಭುಲಿಂಗಯ್ಯನವರು ಊಟದ ಕೈ ತೊಳೆದು ಟವಲು ಹೆಗಲಿಗೆ ಹಾಕಿಕೊಂಡವರು ಹಾಗೇ ಬಂದುಬಿಟ್ಟರು. ಒಂದು ಮಾತೂ ಆಡದೆ ನನ್ನ ತೊಡೆಯ ಮೇಲಿನ ಹಾಳೆಗಳನ್ನು ತೆಗೆದುಕೊಂಡು ನೋಡಿದರು. ಮೇಲಿನ ಹಾಳೆಯಲ್ಲಿ ಅವರ ಮನೆಯ ನಂಬರೇ ಇತ್ತು.

"ಯಾರನ್ನ ಕೇಳಿ ಇದನ್ನ ಬರ್ಸಿದ್ದು?"

"ಯಾರನ್ನೂ ಕೇಳ್ಲಿಲ್ಲ ಮಾವ. ಪ್ರಶ್ನೆ ನಂಗೆ ಕೇಳಿದ್ರು, ನಾನೇ ಹೇಳ್ದೆ," ಎಂದಳು ಗಿರಿಜಾ.

"ಭಾನುವಾರ ಬರೋರಿಗೆ ಏನಂತ ಹೇಳ್ಲಿ? ಈ ಮನೆ ಹಿರೀಸೊಸೆಗೆ ತಲೆ ಕೆಟ್ಟೈತೆ ಅಂತ್ಲಾ?"

"ಇರೋದನ್ನ ಹೇಳಿ ಮಾವ. ಹೇಳ್ದೆ ತಂದ್ರೆ ಏನಾಯ್ತದೆ ಅನ್ನೋದಕ್ಕೆ ನಾನೇ ಇಲ್ಲಿ ನಿಂತಿಲ್ವಾ? ನಮ್ಮಪ್ಪಂಗೆ ನೀವೇನು ಹೇಳಿದ್ರಿ? ನನ್ನ ದೊಡ್ಮಗ ಮೂರು ತಿಂಗಳು ಕೋಣೆ ಬಾಗ್ಲು ಹಾಕ್ಕೊಂಡು ಮಲಗಿದ್ದ, ತುಮಕೂರಲ್ಲಿ ಮಾತ್ರೆ ಕೊಡ್ಸಿದ್ವಿ, ಅರ್ಧಕ್ಕೇ ಬುಟ್ವಿ ಅಂತ ಹೇಳಿದ್ರಾ?"

ಮುದುಕರು ಹಾಳೆಗಳಿಂದ ತಲೆ ಎತ್ತಿದರು. "ನಿಂಗೆ ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ಹೋದ ತಿಂಗಳು ಅಟ್ಟ ಗುಡಿಸ್ವಾಗ ಹಳೇ ಟ್ರಂಕಲ್ಲಿ ಚೀಟಿ ಸಿಕ್ತು, ನುಂಗದೆ ಮಿಕ್ಕಿದ್ದ ಮಾತ್ರೇನೂ ಸಿಕ್ತು. ಮೂರು ತಿಂಗಳಿಂದ ಕೋಣೆ ಬಾಗ್ಲು ತೆಗ್ದಿಲ್ಲ ಅಂತ ಚೀಟೀಲೇ ಬರ್ದೈತೆ. ಅವ್ರ ಹೆಸ್ರಿನ ಕೆಳಗೆ ಡಾಕ್ಟ್ರು ಬರ್ದಿರೋ ಮಾತ್ರೆ, ಇವತ್ತು ನಾನು ನುಂಗ್ತಿರೋ ಮಾತ್ರೇನೇ."

"ಎಲ್ಲಾರ್ ಮನೇಲೂ ಮಾಡೋದೇ ನಾವೂ ಮಾಡಿದ್ದು," ಎಂದರು ಶಂಭುಲಿಂಗಯ್ಯನವರು. ಗದರಲು ಹೊರಟ ದನಿ ಅರ್ಧದಲ್ಲೇ ಸೋತಿತ್ತು. "ಊರೋರಿಗೆಲ್ಲ ಗೊತ್ತಿತ್ತು. ಯಾರಾದ್ರೂ ಒಬ್ರು ಹೇಳಿದ್ರಾ?"

"ಅದೇ ಮಾವ. ಒಬ್ರೂ ಹೇಳ್ಲಿಲ್ಲ," ಎಂದು ಗಿರಿಜಾ ನನ್ನ ಕಡೆ ತಿರುಗಿದಳು. "ನಮ್ಮಪ್ಪ ಕೇಳಿದ್ದು ಅನುಪಮಕ್ಕನ್ನ."

ಈ ವಿಷಯವನ್ನು ನಿಮಗೂ ನಾನು ಇಲ್ಲಿಯತನಕ ಹೇಳಲಿಲ್ಲ. ಮುಚ್ಚಿಟ್ಟಿದ್ದೆ. ನಾನೂ ಇದೇ ಊರಿನವಳು ತಾನೇ.

ಒಂಬತ್ತು ವರ್ಷದ ಹಿಂದೆ ಗಿರಿಜಾಳ ಅಪ್ಪ ಹುಡುಗನ ಬಗ್ಗೆ ವಿಚಾರಿಸಲು ಊರಿಗೆ ಬಂದಿದ್ದರು. ಆಶಾ ಕಾರ್ಯಕರ್ತೆ, ಎಲ್ಲರ ಆರೋಗ್ಯ ಬಲ್ಲವಳು ಎಂದು ನಮ್ಮ ಜಗುಲಿಗೇ ಬಂದು ಕೂತು, ಮಜ್ಜಿಗೆ ಕುಡಿದು, "ಹುಡುಗ ಹೆಂಗಮ್ಮ? ಹೆಣ್ಣು ಹೆತ್ತೋನು ಕೇಳ್ತಿದೀನಿ, ಉಳ್ಳದ್ದು ಹೇಳು," ಎಂದಿದ್ದರು. ಆ ಮೂರು ತಿಂಗಳು ನನಗೆ ಗೊತ್ತಿತ್ತು, ತುಮಕೂರಿನ ಮಾತ್ರೆಯೂ ಗೊತ್ತಿತ್ತು. ಕೂಡಿ ಬಂದ ಸಂಬಂಧಕ್ಕೆ ಕಲ್ಲು ಹಾಕಬಾರದು ಎಂಬುದು ನಮ್ಮ ಕಡೆಯ ಧರ್ಮ. "ಮಾತು ಕಮ್ಮಿ ಅಷ್ಟೇ ಅಣ್ಣ. ಹುಡ್ಗ ಚಿನ್ನ," ಎಂದಿದ್ದೆ. ಆಮೇಲೆ ಮದುವೆಯ ಮನೆಯಲ್ಲಿ ಹೋಳಿಗೆಗೆ ತುಪ್ಪ ಹಾಕಿಸಿಕೊಂಡು ಉಂಡು ಬಂದಿದ್ದೆ.

ಬೆಳಿಗ್ಗೆಯಷ್ಟೇ ಇದೇ ಹೆಂಗಸರಿಗೆ ನಾಚಿಕೆ ಆಗಲ್ವಾ ಎಂದು ಕೂಗಿದವಳು ನಾನು. ಈಗ ಅವರೆಲ್ಲ ನನ್ನನ್ನೇ ನೋಡುತ್ತಿದ್ದರು.

"ಹೌದು. ನನ್ನನ್ನೇ ಕೇಳಿದ್ರು. ನಾನು ಸುಳ್ಳು ಹೇಳ್ದೆ," ಎಂದೆ. "ತಪ್ಪಾಯ್ತು ಗಿರಿಜಾ."

"ನೀನು ನಿಜ ಹೇಳಿದ್ರೆ ನಮ್ಮಪ್ಪ ನನ್ನ ಕೊಡ್ತಿದ್ನೋ ಬಿಡ್ತಿದ್ನೋ, ಅದು ಬೇರೆ ಮಾತು ಅಕ್ಕ," ಎಂದಳು ಅವಳು. ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ದನಿಯಲ್ಲಿ ಕೋಪವೂ ಇರಲಿಲ್ಲ. "ಅವ್ರು ಗೋಡೆ ಕಡೆ ತಿರುಗಿ ಮಲ್ಗಿದ್ರೆ ಒಂಬತ್ತು ವರ್ಷ ನಾನು ಏನಂದ್ಕೊಂಡಿದ್ದೆ ಗೊತ್ತಾ? ನನ್ನ ಮಕ ಕಂಡ್ರೆ ಅವ್ರಿಗೆ ಆಗಲ್ಲ, ಅದಕ್ಕೇ ಮಾತಾಡಲ್ಲ ಅಂತ. ಕನ್ನಡಿ ಮುಂದೆ ನಿಂತು ನನ್ನಲ್ಲಿ ಏನು ಕಮ್ಮಿ ಐತೆ ಅಂತ ಹುಡುಕ್ತಿದ್ದೆ. ಕಾಯ್ಲೆ ಅಂತ ಗೊತ್ತಿದ್ರೆ ಪಕ್ಕದಲ್ಲಾದ್ರೂ ಕೂತ್ಕೋತಿದ್ದೆ."

ಹೊರಗೆ ಸಿಪ್ಪೆ ಸುಲಿಯುವ ಸದ್ದು ಯಾವಾಗಲೋ ನಿಂತಿತ್ತು. ಬೆಟ್ಟಸ್ವಾಮಿ ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ ತಿಳಿಯದು. ಕೈಯ ನಾರನ್ನು ಪಂಚೆಗೆ ಒರೆಸಿಕೊಂಡು ಒಳಗೆ ಬಂದ.

"ನಿನ್ನಿಂದ ಅಲ್ಲ ಕಣೇ," ಎಂದ. ಹೆಂಡತಿಗೆ ಹೇಳಿದ್ದು. ಅವನ ದನಿಯನ್ನು ನಾನು ವರ್ಷಗಳಿಂದ ಕೇಳಿರಲಿಲ್ಲ.

ಆಮೇಲೆ ಅಪ್ಪನ ಮುಂದೆ ಹೋಗಿ ನಿಂತು ಕೈ ಚಾಚಿದ. ಶಂಭುಲಿಂಗಯ್ಯನವರು ಹಾಳೆಗಳನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದರು. ಕಿತ್ತುಕೊಳ್ಳಲಿಲ್ಲ ಅವನು, ಚಾಚಿದ ಕೈಯನ್ನು ಹಿಂದಕ್ಕೂ ತೆಗೆದುಕೊಳ್ಳಲಿಲ್ಲ. ಕೊನೆಗೆ ಮುದುಕರೇ ಕೊಟ್ಟರು. ಅವನು ಅದನ್ನು ನನ್ನ ತೊಡೆಯ ಮೇಲಿಟ್ಟು, ಎದುರಿಗೆ ನೆಲದ ಮೇಲೆ ಕೂತ.

"ನಂದೂ ಬರ್ಕೊಳಕ್ಕ."

ಎಲ್ಲರನ್ನೂ ಆಚೆ ಹೋಗಿ ಎಂದೆ. ಬೇಡ, ಇರಲಿ ಎಂದ ಬೆಟ್ಟಸ್ವಾಮಿ. ಹೊಸ ಹಾಳೆ ತೆಗೆದು ಮನೆಯ ನಂಬರು ಬರೆದೆ. ವಯಸ್ಸು ಕೇಳಿದೆ. ಮೂವತ್ತೊಂಬತ್ತು ಎಂದ. ಪ್ರಶ್ನೆಗಳನ್ನು ಒಂದೊಂದಾಗಿ ಓದಿದೆ. ಆಸಕ್ತಿ ಇಲ್ಲದಂತೆ ಆಗಿದೆಯೇ? ಹೌದು. ಬದುಕು ಭಾರ ಅನ್ನಿಸಿದೆಯೇ? ಹೌದು. ಹತ್ತಕ್ಕೆ ಎಂಟು ಹೌದು ಎಂದ. ಗಿರಿಜಾ ಬಂದು ಅವನ ಪಕ್ಕದಲ್ಲಿ ಕೂತಳು.

"ಎಷ್ಟು ವರ್ಷದಿಂದ ಹಿಂಗಿದೆ?" ಎಂದು ಕೇಳಿದೆ.

ಅವನು ಯೋಚಿಸಿದ. ಆಮೇಲೆ ತಲೆ ಎತ್ತಿ ನೋಡಿ, "ಅಪ್ಪಂಗೆ ಗೊತ್ತು. ಕೇಳಿ," ಎಂದ.

ಶಂಭುಲಿಂಗಯ್ಯನವರು ಟವಲಿನಿಂದ ಬಾಯಿ ಒರೆಸಿಕೊಂಡರು. ನಾನು ಪೆನ್ನು ಹಿಡಿದು ಕಾದೆ. ಇಲ್ಲ ಎನ್ನುತ್ತಾರೆ ಎಂದುಕೊಂಡೆ.

"ಇಪ್ಪತ್ತೆರಡು," ಎಂದರು.